ದಾರ ಕಡಿದಾಗ ನಿಲ್ಲುವ ಮಗ್ಗ

ಚನ್ನಪಟ್ಟಣ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಹುಟ್ಟಿ, ಅಲ್ಲಿಯೇ ಬೇಸಾಯ ಮಾಡಿಕೊಂಡು, ಎಂದೂ ಊರು ಬಿಡದ ಎಪ್ಪತ್ತರ ಪ್ರಾಯದ ರೈತ ಇದುವರೆಗೆ ನಾಲ್ಕು ಜಿಲ್ಲೆಗಳ ನಿವಾಸಿಯಾಗಿದ್ದಾನೆ. 1986ರವರೆಗೆ ಆತನದು ಬೆಂಗಳೂರು ಜಿಲ್ಲೆ; ಅನಂತರ ಬೆಂಗಳೂರು ಗ್ರಾಮಾಂತರ; 2007ರಿಂದ ರಾಮನಗರ; 2025ರಿಂದ ಬೆಂಗಳೂರು ದಕ್ಷಿಣ. ಹೊಲ ಕದಲಲಿಲ್ಲ, ಹದ್ದುಕಲ್ಲು ಅಲುಗಲಿಲ್ಲ. ಬದಲಾದದ್ದು ಕಾಗದದ ಮೇಲಿನ ಹೆಸರು ಮಾತ್ರ. ಕಾಗದದ ಕಾಲದಲ್ಲಿ ಇದು ರಬ್ಬರ್ ಮೊಹರು ಬದಲಾಯಿಸುವಷ್ಟರ ಕೆಲಸವಾಗಿತ್ತು. ಇಂದು ಪಹಣಿ, ನೋಂದಣಿ, ಖಾತೆ, ಪಡಿತರ, ಪಿಂಚಣಿ, ಬೆಳೆ ಪರಿಹಾರ ಎಲ್ಲವೂ ಗಣಕಯಂತ್ರದೊಳಗಿವೆ. ಒಂದು ಜಿಲ್ಲೆಯ ಹೆಸರು ಬದಲಾದರೆ ಹತ್ತಾರು ತಂತ್ರಾಂಶಗಳು ಆ ಬದಲಾವಣೆಯನ್ನು ಅರಗಿಸಿಕೊಳ್ಳಬೇಕು.

ಅರಗಿಸಿಕೊಂಡವೇ? ಪರೀಕ್ಷಿಸಿ ನೋಡಿದವರು ಯಾರು, ಹೇಗೆ? ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂಬ ನಾಲ್ಕು ತಾಲ್ಲೂಕುಗಳೊಡನೆ ಹುಟ್ಟಿದ, ಬಳಿಕ ಹಾರೋಹಳ್ಳಿಯನ್ನೂ ಪ್ರತ್ಯೇಕ ತಾಲ್ಲೂಕಾಗಿ ಪಡೆದ ಈ ಜಿಲ್ಲೆಯ ಮಟ್ಟಿಗೆ ಇದು ಕುತೂಹಲದ ಪ್ರಶ್ನೆಯಷ್ಟೇ ಅಲ್ಲ. 'ಬೆಂಗಳೂರು ದಕ್ಷಿಣ' ಎಂಬುದು ಈಗಾಗಲೇ ಬೆಂಗಳೂರು ನಗರ ಜಿಲ್ಲೆಯ ಒಂದು ತಾಲ್ಲೂಕಿನ ಹೆಸರು. ಲೋಕಸಭಾ ಕ್ಷೇತ್ರವೊಂದರ ಹೆಸರೂ ಹೌದು. ಸ್ಥಳಗಳನ್ನು ಸಂಕೇತ ಸಂಖ್ಯೆಯಿಂದ ಗುರುತಿಸುವ ತಂತ್ರಾಂಶಕ್ಕೆ ಇದರಿಂದ ತೊಂದರೆಯಿಲ್ಲ. ಹೆಸರಿನಿಂದಲೇ ಗುರುತಿಸುವ ತಂತ್ರಾಂಶ ಮಾತ್ರ ಜಿಲ್ಲೆಯನ್ನು ತಾಲ್ಲೂಕೆಂದೂ ತಾಲ್ಲೂಕನ್ನು ಜಿಲ್ಲೆಯೆಂದೂ ಭ್ರಮಿಸಬಹುದು. ಯಾವುದು ಯಾವ ಬಗೆಯದು ಎಂಬುದು ಪರೀಕ್ಷೆಯಿಂದಲ್ಲದೆ ತಿಳಿಯುವುದಿಲ್ಲ. ಹತ್ತಾರು ತಂತ್ರಾಂಶಗಳನ್ನು ಪ್ರತಿ ಬದಲಾವಣೆಯ ನಂತರವೂ ಕೈಯಿಂದ ಪರೀಕ್ಷಿಸುವುದು ಮನುಷ್ಯಸಾಧ್ಯವಲ್ಲ. ಪರೀಕ್ಷೆಯನ್ನೂ ಯಂತ್ರಕ್ಕೆ ವಹಿಸಬೇಕು ಎಂಬುದನ್ನು ಇಂದು ಬಹುತೇಕ ಎಲ್ಲರೂ ಒಪ್ಪುತ್ತಾರೆ. ಚರ್ಚೆ ಇರುವುದು ಯಾವ ವಿಧಾನದಿಂದ ಎಂಬುದರಲ್ಲಿ. ಆ ಆಯ್ಕೆಯನ್ನು ತಂತ್ರಜ್ಞರಿಗೂ ಗುತ್ತಿಗೆದಾರರಿಗೂ ಬಿಟ್ಟು ಆಡಳಿತಗಾರರು ಕೈತೊಳೆದುಕೊಳ್ಳುವುದು ಸರಿಯಲ್ಲ ಎಂಬುದೇ ನನ್ನ ವಾದ.

ಯಂತ್ರದ ತಪ್ಪು, ಕಾನೂನಿನ ಸತ್ಯ

ಕರ್ನಾಟಕಕ್ಕೆ ಈ ಕ್ಷೇತ್ರದಲ್ಲಿ ಹೆಮ್ಮೆಯ ಇತಿಹಾಸವಿದೆ. ಈ ಶತಮಾನದ ಆರಂಭದಲ್ಲಿ 'ಭೂಮಿ' ಯೋಜನೆಯು ಸುಮಾರು 67 ಲಕ್ಷ ಭೂಮಾಲೀಕರ ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ತಂದಿತು. ಶ್ಯಾನುಭೋಗರ ಮತ್ತು ಗ್ರಾಮ ಲೆಕ್ಕಿಗರ ಕೈಚೀಲದಲ್ಲಿದ್ದ ದಾಖಲೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ದೊರೆಯುವಂತಾಯಿತು. ಅದರ ಬೆನ್ನಿಗೇ ನೋಂದಣಿ ಇಲಾಖೆಯಲ್ಲಿ 'ಕಾವೇರಿ' ಬಂತು. 2023ರಲ್ಲಿ ಅದರ ಎರಡನೆಯ ಆವೃತ್ತಿ ಜಾರಿಗೊಂಡಿತು. ಈ ಸಾಧನೆಯನ್ನು ಕಡೆಗಣಿಸಿ ಮಾತನಾಡುವುದು ಅನ್ಯಾಯವಾದೀತು.

ಆದರೆ ಗಣಕೀಕರಣದ ಒಂದು ಪರಿಣಾಮವನ್ನು ನಾವು ಸಾಕಷ್ಟು ಗಮನಿಸಿಲ್ಲ. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 133ನೇ ಪ್ರಕರಣದ ಪ್ರಕಾರ ಹಕ್ಕುದಾಖಲೆಯ ನಮೂದನ್ನು, ಅದು ಸುಳ್ಳೆಂದು ಸಾಬೀತಾಗುವವರೆಗೆ, ಸತ್ಯವೆಂದೇ ಭಾವಿಸಬೇಕು. ಸಾಬೀತುಪಡಿಸುವ ಹೊಣೆ ಅದರಿಂದ ನೊಂದವನದು. ಕೈಬರಹದ ಕಾಲದಲ್ಲಿ ತಪ್ಪು ಬರೆದವರು ಒಬ್ಬರು, ತಪ್ಪಿಗೆ ಸಿಕ್ಕವರು ಒಬ್ಬರು. ಬರಹ ನೋಡಿ ತಪ್ಪನ್ನು ಗುರುತಿಸಲೂಬಹುದಿತ್ತು. ತಂತ್ರಾಂಶದ ಒಂದು ಸಾಲಿನ ತಪ್ಪು ಸದ್ದಿಲ್ಲದೆ ಸಾವಿರ ಪಹಣಿಗಳಲ್ಲಿ ಏಕಕಾಲಕ್ಕೆ ಮೂಡುತ್ತದೆ. ಮೂಡಿದ ಕ್ಷಣದಿಂದ ಅದಕ್ಕೆ ಕಾನೂನಿನ ರಕ್ಷಣೆಯೂ ದೊರೆಯುತ್ತದೆ. ಮಾಗಡಿಯ ರೈತ ಉಪವಿಭಾಗಾಧಿಕಾರಿಯ ನ್ಯಾಯಾಲಯದಲ್ಲಿ ಎದುರಿಸಬೇಕಾದದ್ದು ತನ್ನ ದಾಯಾದಿಯನ್ನಲ್ಲ, ಯಾರೋ ಎಲ್ಲೋ ಬರೆದ ಕಾರ್ಯಸೂಚಿಯೊಂದನ್ನು.

ಇದು ಅತಿಶಯೋಕ್ತಿ ಎನ್ನುವವರು ಬ್ರಿಟನ್ನಿನ ಅಂಚೆ ಇಲಾಖೆಯ ಪ್ರಕರಣವನ್ನು ನೆನೆಯಬೇಕು. ಅಲ್ಲಿ 1999ರಿಂದ ಬಳಕೆಗೆ ಬಂದ 'ಹೊರೈಜನ್' ಎಂಬ ಲೆಕ್ಕಪತ್ರದ ತಂತ್ರಾಂಶ ಇಲ್ಲದ ಕೊರತೆಯನ್ನು ತೋರಿಸಿತು. ಗಣಕ ಸುಳ್ಳು ಹೇಳುವುದಿಲ್ಲವೆಂಬ ನಂಬಿಕೆಯ ಮೇಲೆ 900ಕ್ಕೂ ಹೆಚ್ಚು ಉಪ ಅಂಚೆಪಾಲಕರು ಕಳ್ಳರೆಂದು ಶಿಕ್ಷೆಗೊಳಗಾದರು. ಕೆಲವರು ಸೆರೆಮನೆ ಕಂಡರು, ಕೆಲವರು ಜೀವ ಕಳೆದುಕೊಂಡರು. 2019ರಲ್ಲಿ ಅಲ್ಲಿಯ ಹೈಕೋರ್ಟು ತಂತ್ರಾಂಶದಲ್ಲಿ ದೋಷಗಳಿದ್ದುವೆಂದು ಹೇಳಿತು. 2024ರಲ್ಲಿ ಶಿಕ್ಷೆಗಳನ್ನು ಸಾಮೂಹಿಕವಾಗಿ ರದ್ದುಪಡಿಸಲು ಸಂಸತ್ತೇ ಕಾಯ್ದೆ ಮಾಡಬೇಕಾಯಿತು. ತಂತ್ರಾಂಶದ ಪರೀಕ್ಷೆ ಎಂಬುದು ನ್ಯಾಯದ ಪ್ರಶ್ನೆಯೂ ಹೌದೆಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಪರದೆಯನ್ನು ಪರೀಕ್ಷಿಸುವುದೋ, ನಿಯಮವನ್ನೋ?

ಪರೀಕ್ಷೆಯ ಯಾಂತ್ರೀಕರಣಕ್ಕೆ ಸ್ಥೂಲವಾಗಿ ಎರಡು ದಾರಿಗಳಿವೆ. ಮೊದಲನೆಯದು ಪರದೆಯ ಮೂಲಕ. ನೌಕರನೊಬ್ಬ ಕೀಲಿಮಣೆ ಒತ್ತುವುದನ್ನು, ಗುಂಡಿ ಅದುಮುವುದನ್ನು ಯಂತ್ರ ಕಲಿತು, ಬಳಿಕ ತಾನೇ ಅದನ್ನು ಪುನರಾವರ್ತಿಸುತ್ತದೆ. 2004ರಲ್ಲಿ ರೂಪುಗೊಂಡ 'ಸೆಲೆನಿಯಂ' ಎಂಬ ಉಚಿತ ಸಾಧನದಿಂದಾಗಿ ಈ ವಿಧಾನ ಜಗತ್ತಿನಾದ್ಯಂತ ಹಬ್ಬಿತು. ಎರಡನೆಯದು ಪರದೆಯ ಹಿಂದಿರುವ ಲೆಕ್ಕವನ್ನು ನೇರವಾಗಿ ಕೇಳುವ ವಿಧಾನ: ಇಂತಿಂಥ ಮೌಲ್ಯ ಕೊಟ್ಟರೆ ಇಂತಿಷ್ಟೇ ಉತ್ತರ ಬರಬೇಕು ಎಂದು ಮೊದಲೇ ಬರೆದಿಟ್ಟು, ತಂತ್ರಾಂಶ ಬದಲಾದಾಗಲೆಲ್ಲ ಆ ಪ್ರಶ್ನೆಗಳನ್ನು ಅದರ ಮುಂದಿಡುವುದು.

ಸರ್ಕಾರಿ ಕಚೇರಿಗಳಿಗೆ ಮೊದಲನೆಯದು ಬಹಳ ಪ್ರಿಯವಾಗುತ್ತದೆ. ಕಾರಣ ಸರಳ, ಅದು ಕಣ್ಣಿಗೆ ಕಾಣುತ್ತದೆ. ಸಭೆಯಲ್ಲಿ ಪರದೆಯ ಮೇಲೆ ಗುಂಡಿಗಳು ತಾವಾಗಿಯೇ ಒತ್ತಿಕೊಳ್ಳುವುದನ್ನು ಕಂಡು ಹಿರಿಯ ಅಧಿಕಾರಿಗಳು ತಲೆದೂಗುವುದನ್ನು ಸೇವೆಯಲ್ಲಿದ್ದಾಗ ನಾನು ಒಂದಕ್ಕಿಂತ ಹೆಚ್ಚು ಬಾರಿ ನೋಡಿದ್ದೇನೆ. ಲೆಕ್ಕ ಸರಿಯಿದೆಯೇ ಎಂದು ಯಾರೂ ಕೇಳುತ್ತಿರಲಿಲ್ಲ. ಪರದೆ ತೆರೆದುಕೊಂಡಿತು, ಹಸಿರು ಗುರುತು ಮೂಡಿತು, ಅಷ್ಟೇ ಸಾಕಾಗುತ್ತಿತ್ತು.

ಎರಡರ ನಡುವಣ ವ್ಯತ್ಯಾಸಕ್ಕೆ ನಮ್ಮ ಗುಂಟೆಯ ಲೆಕ್ಕಕ್ಕಿಂತ ಉತ್ತಮ ಉದಾಹರಣೆ ಇಲ್ಲ. ಒಂದು ಎಕರೆಗೆ 40 ಗುಂಟೆ. ಒಂದು ಗುಂಟೆಗೆ 16 ಆಣೆ. ಪಹಣಿಯಲ್ಲಿ 1.20 ಎಂದಿದ್ದರೆ ಅದು ಒಂದು ಎಕರೆ ಇಪ್ಪತ್ತು ಗುಂಟೆ, ಅಂದರೆ 60 ಗುಂಟೆ. ಇದೇ ಅಂಕಿಯನ್ನು ದಶಾಂಶವೆಂದು ಓದುವ ತಂತ್ರಾಂಶಕ್ಕೆ ಅದು ಒಂದೂಕಾಲು ಎಕರೆಗೂ ಕಡಿಮೆ, 48 ಗುಂಟೆ. ಹನ್ನೆರಡು ಗುಂಟೆ ಗಾಳಿಗೆ ಹೋಯಿತು. ಆ 60 ಗುಂಟೆಯಲ್ಲಿ 25 ಗುಂಟೆ ಮಾರಿದರೆ ಉಳಿಯುವುದು 35 ಗುಂಟೆ. ದಶಾಂಶದ ಲೆಕ್ಕದಲ್ಲಿ ಮಾತ್ರ 0.95, ಅಂದರೆ ಯಾವ ಪಹಣಿಯಲ್ಲಿಯೂ ಇರಲಾಗದ 95 ಗುಂಟೆ. 'ಭೂಮಿ' ತಂತ್ರಾಂಶ ಗುಂಟೆಯ ಲೆಕ್ಕವನ್ನು ಬಲ್ಲದು. ಅದರಿಂದ ಅಂಕಿಗಳನ್ನು ಎರವಲು ಪಡೆಯುವ ಪ್ರತಿಯೊಂದು ತಂತ್ರಾಂಶವೂ ಬಲ್ಲದೇ ಎಂಬುದು ಕೇಳಬೇಕಾದ ಪ್ರಶ್ನೆ.

ಇನ್ನೊಂದು ಸೂಕ್ಷ್ಮ. ಒಂದು ಎಕರೆಯನ್ನು ಮೂವರು ಅಣ್ಣತಮ್ಮಂದಿರು ಸಮನಾಗಿ ಹಂಚಿಕೊಂಡರೆ ತಲಾ 13 ಗುಂಟೆ ಐದೂ ಮೂರನೆಯ ಒಂದು ಆಣೆ ಬರಬೇಕು. ತಂತ್ರಾಂಶ ಭಿನ್ನರಾಶಿಯನ್ನು ಕತ್ತರಿಸಿ ತಲಾ 13 ಗುಂಟೆ 5 ಆಣೆ ಎಂದು ಬರೆದರೆ ಮೂರರ ಮೊತ್ತ 39 ಗುಂಟೆ 15 ಆಣೆ. ಒಂದು ಆಣೆ, ಸುಮಾರು 68 ಚದರ ಅಡಿ, ಯಾರದೂ ಅಲ್ಲದೆ ಉಳಿಯಿತು. ಮಾಗಡಿಯ ರಾಗಿ ಹೊಲದಲ್ಲಿ ಇದು ಬದುವಿನ ಒಂದು ತುಂಡು. ಬೆಂಗಳೂರಿನ ರಿಯಲ್ ಎಸ್ಟೇಟು ಹೆದ್ದಾರಿಗುಂಟ ಬಂದು ನಿಂತಿರುವ ಬಿಡದಿಯಲ್ಲಿ ಅದು ವ್ಯಾಜ್ಯಕ್ಕೆ ಸಾಕಾಗುವಷ್ಟು ಹಣ.

ಪರದೆಯ ಪರೀಕ್ಷೆ ಇಂಥ ತಪ್ಪನ್ನು ಹಿಡಿಯಲಾರದೆಂದಲ್ಲ. ಆದರೆ ಒಂದೊಂದು ಲೆಕ್ಕಕ್ಕೂ ಪ್ರವೇಶ, ಬೆರಳಚ್ಚು, ಹುಡುಕಾಟ, ಹತ್ತು ಪುಟ ಇಷ್ಟನ್ನೆಲ್ಲ ದಾಟಬೇಕು. ಗಂಟೆಗೆ ಕೆಲವೇ ಲೆಕ್ಕ ಸಾಗುತ್ತದೆ. ನಿಯಮದ ಮಟ್ಟದ ಪರೀಕ್ಷೆ ಕೆಲವೇ ನಿಮಿಷದಲ್ಲಿ ಸಾವಿರ ಹಂಚಿಕೆಗಳನ್ನು ಮಾಡಿ, ಪ್ರತಿ ಮೊತ್ತವೂ ಮೂಲ ವಿಸ್ತೀರ್ಣಕ್ಕೆ ಸಮವೇ ಎಂದು ನೋಡಬಲ್ಲದು. ತಂತ್ರಾಂಶ ಲೋಕದಲ್ಲಿ ಇದನ್ನು ಪಿರಮಿಡ್ಡಿಗೆ ಹೋಲಿಸುವ ವಾಡಿಕೆಯಿದೆ. ಅಮೆರಿಕದ ಮೈಕ್ ಕೋನ್ 2009ರ ತಮ್ಮ ಪುಸ್ತಕದಲ್ಲಿ ಈ ರೂಪಕವನ್ನು ಜನಪ್ರಿಯಗೊಳಿಸಿದರು. ತಳದಲ್ಲಿ ನಿಯಮದ ಅಸಂಖ್ಯ ಸಣ್ಣ ಪರೀಕ್ಷೆಗಳು, ನಡುವೆ ಒಂದು ತಂತ್ರಾಂಶ ಇನ್ನೊಂದರೊಡನೆ ಮಾತನಾಡುವ ಪರೀಕ್ಷೆಗಳು, ತುದಿಯಲ್ಲಿ ಕೆಲವೇ ಪರದೆಯ ಪರೀಕ್ಷೆಗಳು. ನಮ್ಮಲ್ಲಿ ಅನೇಕ ಕಡೆ ಈ ಪಿರಮಿಡ್ಡನ್ನು ತಲೆಕೆಳಗಾಗಿ ನಿಲ್ಲಿಸುವ ಹಂಬಲ ಕಾಣುತ್ತದೆ.

ಅಂಚಿನಲ್ಲಿರುವ ಒಂದು ರೂಪಾಯಿ

ನಿಯಮಗಳು ನಮ್ಮಲ್ಲಿ ಸ್ಥಿರವಾಗಿ ನಿಲ್ಲುವುದಿಲ್ಲ ಎಂಬುದೂ ಈ ಆಯ್ಕೆಗೆ ಸಂಬಂಧಿಸಿದ ಸಂಗತಿ. 2021ರಲ್ಲಿ, ಮೊದಲ ಬಾರಿಗೆ ನೋಂದಣಿಯಾಗುವ 45 ಲಕ್ಷ ರೂಪಾಯಿವರೆಗಿನ ಫ್ಲ್ಯಾಟುಗಳ ಮುದ್ರಾಂಕ ಶುಲ್ಕವನ್ನು ಶೇ 5ರಿಂದ ಶೇ 3ಕ್ಕೆ ಇಳಿಸಲಾಯಿತು. 45 ಲಕ್ಷಕ್ಕೆ ಸರಿಯಾಗಿ ನಿಂತ ಫ್ಲ್ಯಾಟಿಗೆ ಶುಲ್ಕ 1.35 ಲಕ್ಷ, ಅದಕ್ಕಿಂತ ಒಂದೇ ರೂಪಾಯಿ ಹೆಚ್ಚಾದರೆ 2.25 ಲಕ್ಷ. ಒಂದು ರೂಪಾಯಿಯ ಅಂತರದಲ್ಲಿ 90,000 ರೂಪಾಯಿ ಅಡಗಿದೆ. 'ವರೆಗೆ' ಎಂಬ ಮಾತನ್ನು 'ಒಳಗೆ' ಎಂದು ಓದಿದ ಕಾರ್ಯಸೂಚಿಗಾರ ನಾಗರಿಕನಿಗೋ ಖಜಾನೆಗೋ ನಷ್ಟ ತಂದಾನು. ತಂತ್ರಾಂಶದ ತಪ್ಪುಗಳು ನಡುಮನೆಯಲ್ಲಿರುವುದಿಲ್ಲ, ಹೊಸ್ತಿಲಲ್ಲಿರುತ್ತವೆ. ಅಲ್ಲಿ ಹುಡುಕಬೇಕೆಂದು ಬಲ್ಲವನು ಉಪನೋಂದಣಾಧಿಕಾರಿಯೇ ಹೊರತು ಪರದೆಯ ಗುಂಡಿ ಒತ್ತುವ ಯಂತ್ರವಲ್ಲ.

2024ರ ಡಿಸೆಂಬರಿನಲ್ಲಿ ಜಿಲ್ಲೆಯೊಳಗಿನ ಯಾವ ಉಪನೋಂದಣಿ ಕಚೇರಿಯಲ್ಲಾದರೂ ದಸ್ತಾವೇಜು ನೋಂದಾಯಿಸುವ ಅವಕಾಶ ರಾಜ್ಯಕ್ಕೆಲ್ಲ ವಿಸ್ತರಿಸಿತು. ಮಾಗಡಿಯ ಜಮೀನು ಕನಕಪುರದಲ್ಲಿ ನೋಂದಣಿಯಾಗಬಹುದು. ಜನರಿಗೆ ಇದರಿಂದ ದೊಡ್ಡ ಅನುಕೂಲ. ಪರೀಕ್ಷಕನಿಗೆ ಮಾತ್ರ ಲೆಕ್ಕ ಗುಣಿಸಿತು. ನಾಲ್ಕು ತಾಲ್ಲೂಕುಗಳ ಆಸ್ತಿ, ನಾಲ್ಕು ಕಡೆಯ ಕಚೇರಿ ಎಂದರೆ ಹದಿನಾರು ಜೋಡಿಗಳು. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ 1ರಿಂದ ಶೇ 2ಕ್ಕೆ ಏರಿತು. 50 ಲಕ್ಷದ ಆಸ್ತಿಗೆ 50,000 ಇದ್ದುದು ಒಂದು ಲಕ್ಷವಾಯಿತು. ಹಿಂದಿನ ದಿನ ಅರ್ಜಿ ಸಲ್ಲಿಸಿ ಮಾರನೆಯ ದಿನ ಹಾಜರಾದವನಿಗೆ ಯಾವ ದರ? ಶುಲ್ಕ ಕಟ್ಟಿ, ಸಾಕ್ಷಿ ಬಾರದೆ ಮರಳಿದವನಿಗೆ? ಇವು ಕಾನೂನಿನ ಪ್ರಶ್ನೆಗಳು. ಅಧಿಕಾರಿ ಉತ್ತರ ಬರೆದುಕೊಡದಿದ್ದರೆ ಆ ಉತ್ತರವನ್ನು ಕಾರ್ಯಸೂಚಿಗಾರ ತನಗೆ ತೋಚಿದಂತೆ ಬರೆಯುತ್ತಾನೆ; ಅದೇ ಕಾನೂನಾಗಿಬಿಡುತ್ತದೆ.

ಈ ಕಾರಣದಿಂದಲೇ ಮೂರನೆಯದೊಂದು ವಿಧಾನವನ್ನೂ ನಾನು ಸೂಚಿಸುತ್ತೇನೆ. ಲೆಕ್ಕಪತ್ರ ಇಲಾಖೆಯವರಿಗೆ ಅದು ಹಳೆಯ ಪರಿಚಯ; ಹಳೆಯ ಪುಸ್ತಕವನ್ನೂ ಹೊಸ ಪುಸ್ತಕವನ್ನೂ ಕೆಲಕಾಲ ಜೊತೆಯಲ್ಲಿ ನಡೆಸಿ ತಾಳೆ ನೋಡುವುದು. ಹೆಸರು ಬದಲಾದ ಈ ಜಿಲ್ಲೆಯಲ್ಲಿ ಹಳೆಯ ಆವೃತ್ತಿಯಿಂದಲೂ ಹೊಸದರಿಂದಲೂ ಅದೇ ಸಾವಿರ ಸರ್ವೆ ನಂಬರುಗಳ ಪಹಣಿ ಮತ್ತು ಋಣಭಾರ ಪ್ರಮಾಣಪತ್ರ ತೆಗೆದು ಯಂತ್ರದಿಂದಲೇ ಹೋಲಿಸಬಹುದು. ಜಿಲ್ಲೆಯ ಹೆಸರಿನ ಹೊರತು ಬೇರಾವುದೂ ಬದಲಾಗಿರಬಾರದು. ಬದಲಾಗಿದ್ದರೆ ಪ್ರತಿಯೊಂದಕ್ಕೂ ಸಮಜಾಯಿಷಿ ಬೇಕು. ಇಲ್ಲಿ ನಾಗರಿಕರ ಖಾಸಗಿ ವಿವರಗಳು ಗುತ್ತಿಗೆದಾರರ ಕೈಗೆ ಸೇರದಂತೆ ಹೆಸರು, ಆಧಾರ್ ಮುಂತಾದುವನ್ನು ಮರೆಮಾಚಬೇಕೆಂಬುದನ್ನು 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಬೆಳಕಿನಲ್ಲಿ ಬೇರೆ ಹೇಳಬೇಕಿಲ್ಲ.

ಸಂತೆಯ ಹೊತ್ತಿನ ಭಾರ

ಲೆಕ್ಕ ಸರಿಯಿದ್ದರೆ ಸಾಲದು. ಜನ ಮುಗಿಬಿದ್ದಾಗಲೂ ಸರಿಯಿರಬೇಕು. 2025ರ ಆರಂಭದಲ್ಲಿ 'ಕಾವೇರಿ' ಸೇವೆ ಕುಂಠಿತವಾಗಿ ರಾಜ್ಯದೆಲ್ಲೆಡೆ ನೋಂದಣಿ ಕಚೇರಿಗಳಲ್ಲಿ ಜನ ಕಾದು ಹಿಂದಿರುಗಬೇಕಾಯಿತು. ಸೈಬರ್ ದಾಳಿಯೇ ಕಾರಣವೆಂದು ಸರ್ಕಾರ ಹೇಳಿತು. ಪೊಲೀಸರಿಗೆ ದೂರೂ ಹೋಯಿತು. ಯಂತ್ರಗಳೇ ಎಡೆಬಿಡದೆ ಕೋರಿಕೆಗಳನ್ನು ಸಲ್ಲಿಸಿ ವ್ಯವಸ್ಥೆಯನ್ನು ಉಸಿರುಗಟ್ಟಿಸುವುದು ಇಂಥ ದಾಳಿಯ ರೀತಿ. ಗಮನಿಸಬೇಕಾದ ಸಂಗತಿಯೆಂದರೆ, ದಾಳಿಕೋರ ಬಳಸುವ ತಂತ್ರವೂ ಪರೀಕ್ಷಕ ಬಳಸುವ ತಂತ್ರವೂ ಮೂಲದಲ್ಲಿ ಒಂದೇ. ನಾವೇ ಮೊದಲು ನಮ್ಮ ವ್ಯವಸ್ಥೆಯ ಮೇಲೆ ಅಂಥ ಭಾರ ಹೇರಿ ನೋಡದಿದ್ದರೆ ಇನ್ನಾರೋ ಹೇರಿ ತೋರಿಸುತ್ತಾರೆ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆ ಏಷ್ಯಾದಲ್ಲಿಯೇ ದೊಡ್ಡದೆಂದು ಹೆಸರಾದದ್ದು. ಅಲ್ಲಿ ಇ-ಹರಾಜು ನಡೆಯುತ್ತದೆ. ಪಹಣಿ ಇಂದು ಸಿಗದಿದ್ದರೆ ನಾಳೆ ಸಿಕ್ಕೀತು, ಗೂಡು ಹಾಗಲ್ಲ. ಒಳಗಿನ ಹುಳು ಚಿಟ್ಟೆಯಾಗಿ ಗೂಡನ್ನು ಕೊರೆದು ಬರುವ ಮುನ್ನ ಅದು ಮಾರಾಟವಾಗಿ ಬಿಚ್ಚಾಣಿಕೆಗೆ ಹೋಗಬೇಕು. ಹರಾಜಿನ ಹೊತ್ತಿನಲ್ಲಿ ಪರದೆ ಸ್ತಬ್ಧವಾದರೆ ಚೌಕಾಸಿಯ ಶಕ್ತಿ ಆ ಗಳಿಗೆಯಿಂದಲೇ ರೈತನ ಕೈಯಿಂದ ರೀಲರನ ಕೈಗೆ ಜಾರುತ್ತದೆ. ಆದ್ದರಿಂದ ಎಲ್ಲ ತಂತ್ರಾಂಶಕ್ಕೂ ಒಂದೇ ಪರೀಕ್ಷಾ ವಿಧಾನವೆಂಬ ಸುತ್ತೋಲೆ ಹೊರಡಿಸುವುದು ಅವಿವೇಕ. ಪಹಣಿಗೆ ಲೆಕ್ಕದ ನಿಖರತೆ ಮೊದಲು. ಗೂಡಿನ ಮಾರುಕಟ್ಟೆಗೆ ಭಾರ ತಾಳುವ ಶಕ್ತಿ ಮೊದಲು. ಯಾವ ತಪ್ಪು ಯಾರಿಗೆ ಎಷ್ಟು ನಷ್ಟ ತರುತ್ತದೆ ಎಂಬುದೇ ಆಯ್ಕೆಯ ಅಳತೆಗೋಲಾಗಬೇಕು.

ಅರ್ಥಶಾಸ್ತ್ರ ಹೇಳುವುದೇನು?

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಈ ಪ್ರಶ್ನೆ ಬಂಡವಾಳ ಹೂಡಿಕೆಯ ಪ್ರಶ್ನೆಯಾಗಿಯೂ ಕಾಣುತ್ತದೆ. ಒಂದು ಊಹೆಯ ಲೆಕ್ಕ ನೋಡೋಣ. ಒಂದು ಪರೀಕ್ಷೆಯನ್ನು ಕೈಯಿಂದ ನಡೆಸಲು 20 ನಿಮಿಷ. ಅದನ್ನು ಯಂತ್ರಕ್ಕೆ ಕಲಿಸಲು ಆರು ಗಂಟೆ ಎಂದಿಟ್ಟುಕೊಳ್ಳಿ. ಹದಿನೆಂಟು ಬಾರಿ ನಡೆಸಿದ ಮೇಲೆ ಹೂಡಿಕೆ ಹಿಂದಿರುಗುತ್ತದೆ. ಆದರೆ ಪರದೆಯ ವಿನ್ಯಾಸ ಬದಲಾದಾಗಲೆಲ್ಲ ಆ ಪರೀಕ್ಷೆ ಮುರಿದು, ದುರಸ್ತಿಗೆ ಎರಡು ಗಂಟೆ ಹಿಡಿದರೆ, ಪ್ರತಿ ದುರಸ್ತಿಯೂ ಆರು ಬಾರಿಯ ಉಳಿತಾಯವನ್ನು ನುಂಗುತ್ತದೆ. ಇದು ಸವಕಳಿ ವೆಚ್ಚ. ಪರದೆಯ ಪರೀಕ್ಷೆಗೆ ಸವಕಳಿ ಹೆಚ್ಚು, ನಿಯಮದ ಪರೀಕ್ಷೆಗೆ ಕಡಿಮೆ. ಏಕೆಂದರೆ ಪುಟದ ಬಣ್ಣ ವರ್ಷಕ್ಕೆರಡು ಬಾರಿ ಬದಲಾದೀತು, ಎಕರೆಗೆ 40 ಗುಂಟೆ ಎಂಬುದು ಬದಲಾಗದು.

ಹೀಗಿದ್ದೂ ಸರ್ಕಾರಗಳು ಪರೀಕ್ಷೆಗೆ ಸಾಲದಷ್ಟೇ ಹಣ ಕೊಡುವುದೇಕೆ? ತಪ್ಪಿನ ವೆಚ್ಚ ಇಲಾಖೆಯ ಆಯವ್ಯಯದಲ್ಲಿ ಕಾಣುವುದೇ ಇಲ್ಲ. ಅದನ್ನು ಭರಿಸುವವನು ರೈತ. ಕೂಲಿ ಬಿಟ್ಟ ದಿನಗಳಲ್ಲಿ, ತಾಲ್ಲೂಕು ಕಚೇರಿಗೆ ಅಲೆದ ಬಸ್ಸಿನ ಚೀಟಿಗಳಲ್ಲಿ, ವಕೀಲರ ಶುಲ್ಕದಲ್ಲಿ. ಕಾರ್ಖಾನೆಯ ಹೊಗೆಯನ್ನು ಊರು ಉಸಿರಾಡುವಂತೆ ಇಲಾಖೆಯ ತಪ್ಪನ್ನು ನಾಗರಿಕ ಉಣ್ಣುತ್ತಾನೆ. ತಪ್ಪು ಒಂದೇ ತಂತ್ರಾಂಶದಲ್ಲಿ ನಿಲ್ಲುವುದೂ ಇಲ್ಲ. ಪಹಣಿಯ ವಿಸ್ತೀರ್ಣ ರೈತರ ನೋಂದಣಿಯ 'ಫ್ರೂಟ್ಸ್' ದತ್ತಾಂಶಕ್ಕೆ ಹರಿಯುತ್ತದೆ. 2023ರ ಬರಗಾಲದಲ್ಲಿ ಬೆಳೆಹಾನಿ ಪರಿಹಾರಕ್ಕೆ ಆಧಾರವಾದದ್ದು ಅದೇ ದತ್ತಾಂಶ. ಮೇಲಿನ ಹೊಳೆಯಲ್ಲಿ ಕದಡಿದ ನೀರು ಕೆಳಗಿನ ಎಲ್ಲ ಕಾಲುವೆಗಳಿಗೂ ಇಳಿಯುತ್ತದೆ.

ಟೆಂಡರಿನ ರೀತಿಯೂ ಈ ವಿಕೃತಿಗೆ ನೆರವಾಗುತ್ತದೆ. 1999ರ ಪಾರದರ್ಶಕತೆ ಕಾಯ್ದೆ ಖರೀದಿಯಲ್ಲಿ ಶಿಸ್ತು ತಂದದ್ದು ನಿಜ. ಆದರೆ ಪರೀಕ್ಷೆಗಳ ಸಂಖ್ಯೆಯನ್ನು ಎಣಿಸಿ ಹಣ ಕೊಡುವ ಷರತ್ತಿದ್ದರೆ ಸುಲಭವಾದ ಸಾವಿರ ಪರೀಕ್ಷೆಗಳು ಬರುತ್ತವೆ. ಕಷ್ಟದ ಹತ್ತು ಬರುವುದಿಲ್ಲ. ತಂತ್ರಾಂಶ ಕಟ್ಟಿದವರೇ ಅದರ ಪರೀಕ್ಷಕರೂ ಆದರೆ ಗುತ್ತಿಗೆದಾರನೇ ಅಳತೆ ಪುಸ್ತಕ ಬರೆದಂತೆ. ರಸ್ತೆ ಕಾಮಗಾರಿಯಲ್ಲಿ ಯಾವ ಎಂಜಿನಿಯರೂ ಒಪ್ಪದ ಈ ಪದ್ಧತಿಯನ್ನು ತಂತ್ರಾಂಶದಲ್ಲಿ ಒಪ್ಪಲು ಕಾರಣವಿಲ್ಲ. ಕೇಂದ್ರದ ವಿದ್ಯುನ್ಮಾನ ಇಲಾಖೆಯಡಿ ಗುಣಮಟ್ಟ ಪರೀಕ್ಷೆ ಮತ್ತು ಪ್ರಮಾಣೀಕರಣಕ್ಕೆಂದೇ ನಿರ್ದೇಶನಾಲಯವೊಂದಿದೆ. ಅಂಥ ಹೊರಗಿನ ಕಣ್ಣು ಒಮ್ಮೆ ಮಾತ್ರವಲ್ಲ, ಪ್ರತಿ ದೊಡ್ಡ ಬದಲಾವಣೆಯ ಮೇಲೂ ಬೀಳಬೇಕು.

ಈಗ ಕೃತಕ ಬುದ್ಧಿಮತ್ತೆಯೇ ಪರೀಕ್ಷೆಗಳನ್ನು ಬರೆಯುತ್ತದೆಯಲ್ಲ, ಇಷ್ಟೆಲ್ಲ ಚರ್ಚೆ ಏಕೆ ಎಂದು ಕೇಳುವವರಿದ್ದಾರೆ. ಅದು ಬರೆಯುತ್ತದೆ, ಬೇಗನೆಯೂ ಬರೆಯುತ್ತದೆ. ಆದರೆ ಇರುವ ತಂತ್ರಾಂಶವನ್ನಷ್ಟೇ ಓದಿ ಪರೀಕ್ಷೆ ಬರೆಯುವ ಯಂತ್ರ, ತಂತ್ರಾಂಶ ಏನು ಮಾಡುತ್ತಿದೆಯೋ ಅದನ್ನೇ ಸರಿಯೆಂದು ದೃಢೀಕರಿಸುವ ಅಪಾಯವಿದೆ. 1.20 ಎಂಬುದನ್ನು 48 ಗುಂಟೆ ಎಂದು ಓದುವ ತಂತ್ರಾಂಶಕ್ಕೆ, ಉತ್ತರ 48 ಬಂದರೆ ಉತ್ತೀರ್ಣವೆಂಬ ಪರೀಕ್ಷೆಯನ್ನೇ ಅದು ರಚಿಸೀತು. ಏನಾಗಬೇಕು ಎಂಬುದು ಕಾಯ್ದೆಯಲ್ಲಿದೆ, ಕಂದಾಯದ ಕೈಪಿಡಿಯಲ್ಲಿದೆ, ಅನುಭವಿ ಶಿರಸ್ತೇದಾರರ ತಲೆಯಲ್ಲಿದೆ. ಅದನ್ನು ಯಂತ್ರಕ್ಕೆ ಹೇಳುವ ಕೆಲಸ ಮನುಷ್ಯನದೇ.

ಬಿಡದಿಯಲ್ಲಿ ಕಲಿಯಬಹುದಾದ ಪಾಠ

ಯಂತ್ರ ಮತ್ತು ಮನುಷ್ಯನ ನಡುವಣ ಈ ಹಂಚಿಕೆಗೆ ಮಾದರಿ ಹುಡುಕಿ ದೂರ ಹೋಗಬೇಕಾಗಿಲ್ಲ. ರಾಮನಗರ ತಾಲ್ಲೂಕಿನ ಬಿಡದಿಯಲ್ಲಿ 1999ರ ಕೊನೆಯಿಂದ ಕಾರು ತಯಾರಿಸುತ್ತಿರುವ ಟೊಯೊಟಾ ಸಂಸ್ಥೆಯ ಮೂಲ ಕಾರಿನಲ್ಲಿಲ್ಲ, ಮಗ್ಗದಲ್ಲಿದೆ. ಸಕಿಚಿ ಟೊಯೊಡಾ 1924ರಲ್ಲಿ ಪೂರ್ಣಗೊಳಿಸಿದ ಸ್ವಯಂಚಾಲಿತ ಮಗ್ಗ ವೇಗಕ್ಕೆ ಹೆಸರಾದಷ್ಟೇ ಇನ್ನೊಂದು ಗುಣಕ್ಕೂ ಹೆಸರಾಯಿತು: ದಾರ ಕಡಿದರೆ ಅದು ತಾನಾಗಿಯೇ ನಿಲ್ಲುತ್ತಿತ್ತು. ಹಾಳಾದ ಬಟ್ಟೆಯನ್ನು ಗಜಗಟ್ಟಲೆ ನೇಯುತ್ತ ಹೋಗುತ್ತಿರಲಿಲ್ಲ. ಕಡಿದ ಎಳೆಯನ್ನು ಹುರಿಮಾಡಿ ಮತ್ತೆ ಚಾಲನೆ ಕೊಡುವವನು ನೇಕಾರ. ಮನುಷ್ಯಸ್ಪರ್ಶವಿರುವ ಈ ಯಾಂತ್ರೀಕರಣಕ್ಕೆ ಜಪಾನೀಯರು 'ಜಿಡೋಕಾ' ಎನ್ನುತ್ತಾರೆ. ಎಳೆ ಕಡಿಯುವುದೆಂದರೇನೆಂದು ರೇಷ್ಮೆಯ ನಾಡಿನವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ.

ಸರ್ಕಾರಿ ತಂತ್ರಾಂಶದ ಪರೀಕ್ಷೆಯೂ ಇಂಥ ಮಗ್ಗವಾಗಬೇಕು. ನಿಯಮದ ಒಂದು ಎಳೆ ಕಡಿದರೂ ಹೊಸ ಆವೃತ್ತಿ ಜಾರಿಗೆ ಬಾರದೆ ಅಲ್ಲಿಯೇ ನಿಲ್ಲಬೇಕು. ನಿಲ್ಲಿಸುವ ಅಧಿಕಾರ ಕೆಳಗಿನವರಿಗೂ ಇರಬೇಕು. 2024ರಲ್ಲಿ ಗ್ರಾಮ ಆಡಳಿತ ಅಧಿಕಾರಿಗಳು ಮುಷ್ಕರ ಹೂಡಿದಾಗ ಅವರ ದೂರುಗಳಲ್ಲೊಂದು, ಒಂದರ ಮೇಲೊಂದರಂತೆ ಹೇರಲಾಗುತ್ತಿದ್ದ ಮೊಬೈಲ್ ಆ್ಯಪ್‌ಗಳದ್ದು. ಅದನ್ನು ಕೇವಲ ನೌಕರರ ಬೇಡಿಕೆಯೆಂದು ನೋಡಿದೆವು. ವಾಸ್ತವದಲ್ಲಿ ಅದು ತಂತ್ರಾಂಶದ ಮೊದಲ ನಿಜವಾದ ಪರೀಕ್ಷಕರ ವರದಿಯೂ ಆಗಿತ್ತು. ಆಧಾರಿನಲ್ಲಿ ಒಂದು ಬಗೆಯಾಗಿ, ಪಹಣಿಯಲ್ಲಿ ಇನ್ನೊಂದು ಬಗೆಯಾಗಿ ಬರೆದ ಕೆಂಪೇಗೌಡ ಎಂಬ ಒಂದೇ ಹೆಸರು ತಾಳೆಯಾಗದೆ ಹೋಗುವುದನ್ನು ಮೊದಲು ಕಾಣುವವರು ಅವರೇ.

ವಿಜ್ಞಾನಿ ಡೈಕ್‌ಸ್ಟ್ರ ಸುಮಾರು 1970ರಲ್ಲಿಯೇ ಎಚ್ಚರಿಸಿದಂತೆ, ಪರೀಕ್ಷೆಯು ತಪ್ಪು ಇರುವುದನ್ನು ತೋರಿಸಬಲ್ಲದೇ ಹೊರತು ತಪ್ಪು ಇಲ್ಲವೆಂಬುದನ್ನು ಎಂದೂ ಸಾಬೀತುಪಡಿಸಲಾರದು. ಆದ್ದರಿಂದ ಯಾವ ವಿಧಾನ ಆರಿಸಿದರೂ ತಪ್ಪು ಉಳಿದೇ ಉಳಿಯುತ್ತದೆ. ಉಳಿದ ತಪ್ಪಿನ ಹೊಣೆ ಯಾರದೆಂಬುದನ್ನೂ ಮೊದಲೇ ನಿರ್ಧರಿಸಬೇಕು.

ಸರ್ಕಾರ ಮಾಡಬೇಕಾದದ್ದು ಹೆಚ್ಚಿಲ್ಲ. ಪ್ರತಿ ಇಲಾಖೆಯೂ ತನ್ನ ನಿಯಮಗಳಿಗೆ ಉದಾಹರಣೆಗಳ ಪುಸ್ತಕವೊಂದನ್ನು ಕನ್ನಡದಲ್ಲಿ ಸಿದ್ಧಪಡಿಸಲಿ: ಇಂಥ ಪ್ರಸಂಗಕ್ಕೆ ಇಂಥ ಉತ್ತರ ಎಂದು, ಶಿರಸ್ತೇದಾರರೂ ಉಪನೋಂದಣಾಧಿಕಾರಿಗಳೂ ಭೂಮಾಪಕರೂ ಕೂಡಿ ಬರೆದದ್ದು. ಅದು ಇಲಾಖೆಯ ಸ್ವತ್ತಾಗಿರಲಿ; ಗುತ್ತಿಗೆದಾರ ಬದಲಾದರೂ ಪುಸ್ತಕ ಉಳಿಯಲಿ. ಯಂತ್ರ ಅದನ್ನು ದಿನವೂ ಪರೀಕ್ಷೆಯಾಗಿ ನಡೆಸಲಿ. ದರವಾಗಲಿ ಹೆಸರಾಗಲಿ ಬದಲಾಗುವ ಆದೇಶಕ್ಕೂ ಅದು ಜಾರಿಯಾಗುವ ದಿನಕ್ಕೂ ನಡುವೆ ಪರೀಕ್ಷೆಗೆ ಸಾಕಾಗುವಷ್ಟು ಅವಧಿ ಇರಲಿ. ಫಲಿತಾಂಶ ಸಾರ್ವಜನಿಕವಾಗಿರಲಿ. ಕಿಟಕಿಯಲ್ಲಿ ಬಂದ ಪ್ರತಿ ದೂರೂ ಒಂದು ಹೊಸ ಪರೀಕ್ಷೆಯಾಗಿ ಆ ಪುಸ್ತಕ ಸೇರಲಿ. ಅದೇ ತಪ್ಪು ಎರಡನೆಯ ಬಾರಿ ಆಗದಿರಲಿ. ತಂತ್ರಾಂಶದ ತಪ್ಪೆಂದು ತಿಳಿದ ಮೇಲೆ, ರೈತ ಅರ್ಜಿ ಹಿಡಿದು ಬರುವವರೆಗೆ ಕಾಯದೆ, ಅದೇ ತಪ್ಪಿಗೆ ಸಿಕ್ಕ ಎಲ್ಲ ಪಹಣಿಗಳನ್ನೂ ಇಲಾಖೆಯೇ ಶುಲ್ಕವಿಲ್ಲದೆ ತಿದ್ದಲಿ.

ಇದಕ್ಕೆಲ್ಲ ಹಣ ಎಲ್ಲಿದೆ, ಪರಿಣತರೆಲ್ಲಿದ್ದಾರೆ ಎಂಬ ಆಕ್ಷೇಪ ಬರುತ್ತದೆ. ಜಗತ್ತಿನ ಕಂಪನಿಗಳ ತಂತ್ರಾಂಶವನ್ನು ಪರೀಕ್ಷಿಸುವ ಸಹಸ್ರಾರು ತರುಣ ತರುಣಿಯರು ಈ ಜಿಲ್ಲೆಯ ಗಡಿಯಿಂದ ಒಂದು ಗಂಟೆಯ ದಾರಿಯಲ್ಲಿ ಕುಳಿತಿದ್ದಾರೆ; ಅವರಲ್ಲಿ ಕನಕಪುರ, ಮಾಗಡಿಗಳಿಂದಲೇ ಬಸ್ಸು ಹತ್ತಿ ಹೋಗುವವರೂ ಇದ್ದಾರೆ. ಪರಿಣತಿಗೆ ಇಲ್ಲಿ ಬರವಿಲ್ಲ. ಹಣದ ಮಾತಿಗೆ ಉತ್ತರ ಇಷ್ಟೇ: ಈ ವೆಚ್ಚವನ್ನು ನಾವು ಇಂದೂ ಭರಿಸುತ್ತಲೇ ಇದ್ದೇವೆ. ಅದು ಆಯವ್ಯಯದ ಪುಟದಲ್ಲಿ ಕಾಣುತ್ತಿಲ್ಲ; ತಾಲ್ಲೂಕು ಕಚೇರಿಯ ಮುಂದಿನ ಸರತಿಯಲ್ಲಿ ಕಾಣುತ್ತದೆ.